ಮಲಗಿಸಿದ ತುಳಸಿ

ಅತ್ತಿಗೆ, ನಮ್ಮ ಮನೆಯ ತುಳಸಿ ನಿಮ್ಮ ತವರಿನ ಕಡೆಗೆ ತಾನಾಗಿ ಬಾಗಲಿಲ್ಲ. ಬಾಗಿಸಿದವನು ನಾನು. ಇಷ್ಟು ವರ್ಷ ಬಾಯಿ ಹೊಲಿದುಕೊಂಡು ಕೂತಿದ್ದೆ — ಮೊದಲು ಅಮ್ಮನ ಹೆದರಿಕೆ, ಆಮೇಲೆ ನಿಮ್ಮದು.

ಆಗ ನಾನು ಎರಡನೇ ವರ್ಷದ ಬಿ.ಎಸ್ಸಿ., ರಾಜಾಜಿನಗರದಲ್ಲಿ ನಿಮ್ಮ ಪಕ್ಕದ ಮನೆಯ ಹುಡುಗ. ಪ್ರಾಕ್ಟಿಕಲ್ ರೆಕಾರ್ಡಿಗೆ ಕುಂಡದ ಗಿಡವೊಂದನ್ನು ಅಡ್ಡ ಮಲಗಿಸಿ ದಿನಾ ಅದರ ಚಿತ್ರ ಬರೆಯಬೇಕಿತ್ತು. ನಾನು ಬೆಳೆಸಿದ್ದ ಅವರೆ ಸಸಿಗಳನ್ನು ಇಲಿ ತಿಂದು ತೇಗಿತ್ತು. ಉಳಿದದ್ದು ಒಂದೇ ಕುಂಡ — ಅಮ್ಮನ ತುಳಸಿ. ಅಪ್ಪ, ಅಮ್ಮ, ಅಣ್ಣ ಮೂವರೂ ಎರಡು ವಾರಕ್ಕೆ ಊರಿಗೆ ಹೋಗಿದ್ದರು. ಕಟ್ಟೆಯಿಂದ ಕುಂಡ ಇಳಿಸಿ, ಮಣ್ಣು ಚೆಲ್ಲದಂತೆ ಗೋಣಿತಾಟು ಕಟ್ಟಿ, ಹಿತ್ತಲಲ್ಲಿ ಮಲಗಿಸಿಬಿಟ್ಟೆ.

"ಸಂಜೆ ದೀಪ ಹಚ್ಚೋದು ಮರೀಬೇಡ ಕಣೋ" ಎಂದು ಅಮ್ಮ ಹೇಳಿ ಹೋಗಿದ್ದರು. ಮರೆಯಲಿಲ್ಲ. ಮಲಗಿದ ತುಳಸಿಗೇ ದೀಪ ಹಚ್ಚಿ, ಕೈಮುಗಿದು, ಆಮೇಲೆ ಕೋನಮಾಪಕ ಹಿಡಿದು ಅಳೆಯುತ್ತಿದ್ದೆ.

ಪ್ರಯೋಗ ಸೊಗಸಾಗಿ ಬಂತು. ಗಿಡದ ತುದಿಯಲ್ಲಿ ಒಂದು ಹಾರ್ಮೋನು ಹುಟ್ಟುತ್ತದೆ. ಅದು ಕೆಳಗಿಳಿಯುತ್ತ, ಎಲೆಬುಡದ ಮೊಗ್ಗುಗಳನ್ನು ನಮ್ಮಪ್ಪನ ಹಾಗೆ "ತೆಪ್ಪಗಿರಿ" ಎಂದು ಗದರಿಸಿ ಇಡುತ್ತದೆ. ಗಿಡ ಅಡ್ಡ ಮಲಗಿದರೆ ಗುರುತ್ವದ ದೆಸೆಯಿಂದ ಅದು ಕಾಂಡದ ಕೆಳಮೈಯಲ್ಲಿ ಸೇರುತ್ತದೆ. ಕೆಳಮೈ ಹೆಚ್ಚು ಬೆಳೆದು ತುದಿ ಮೇಲಕ್ಕೆ ತಿರುಗುತ್ತದೆ. ಮೇಲ್ಮೈಯ ಮೊಗ್ಗುಗಳು ಗದರುವವರಿಲ್ಲದೆ ಕವಲೊಡೆಯುತ್ತವೆ.

ಮನೆಯವರು ಬರುವ ಬೆಳಿಗ್ಗೆ ಗಡಿಬಿಡಿಯಲ್ಲಿ ಕುಂಡ ಎತ್ತಿ ಕಟ್ಟೆಯ ಮೇಲಿಟ್ಟೆ. ನೋಡಿದರೆ — ತುದಿ, ಹೊಸ ಕವಲು, ಎಲ್ಲವೂ ಒಂದೇ ದಿಕ್ಕಿಗೆ, ನಿಮ್ಮ ಕಾಂಪೌಂಡಿನತ್ತ! ತಿರುಗಿಸಿಡೋಣ ಎನ್ನುವಷ್ಟರಲ್ಲಿ ಗೇಟು ಸದ್ದಾಯಿತು.

ಅಣ್ಣನಿಗೆ ಎರಡು ಜಾತಕ ಕೂಡಿಬಂದಿದ್ದವು: ನಿಮ್ಮದು, ಮತ್ತು ಕೆಂಗೇರಿಯ ಒಬ್ಬ ಹುಡುಗಿಯದು. ಅಮ್ಮ ಊರಿನ ದೇವರಲ್ಲಿ ಹೂ ಕೇಳಿದ್ದರು; ಬಲಕ್ಕೆ ಬಿದ್ದರೆ ನೀವು, ಎಡಕ್ಕೆ ಬಿದ್ದರೆ ಆಕೆ. ಹೂ ಬೀಳಲೇ ಇಲ್ಲ. ಅದೇ ಸಿಟ್ಟಿನಲ್ಲಿ ಒಳಗೆ ಬಂದವರು ತುಳಸಿಯನ್ನು ಕಂಡು ಕೈಲಿದ್ದ ಚೀಲ ಬಿಟ್ಟರು.

"ನೋಡ್ರೀ, ತಾಯಿ ಪಕ್ಕದ್ಮನೆ ಕಡೆ ಕೈ ತೋರಿಸ್ತಾ ಇದಾಳೆ!"

ಸಂಜೆಯೊಳಗೆ ಬೀದಿಯ ಹೆಂಗಸರೆಲ್ಲ ಅರಿಶಿನ ಕುಂಕುಮ ಹಿಡಿದು ಬಂದರು. ವಾರದಲ್ಲಿ ಗಿಡ ಮತ್ತೆ ಆಕಾಶದತ್ತ ತಿರುಗಿತು. "ಹೇಳೋದು ಹೇಳಿ ಆಯ್ತಲ್ಲ, ಇನ್ಯಾಕೆ ಬಗ್ಗಿರ್ತಾಳೆ" ಎಂದರು ಅಮ್ಮ. ನಗು ತಡೆಯಲಾಗದೆ ಬಚ್ಚಲಿಗೆ ಓಡಿದ್ದೆ. ರೆಕಾರ್ಡಿಗೆ 'ವೆರಿ ಗುಡ್' ಬೇರೆ ಸಿಕ್ಕಿತು.

ಆದರೆ ನಿಮಗೆ ಮೈಸೂರಿನಲ್ಲಿ ಬಿ.ಎಡ್. ಸೀಟು ಸಿಕ್ಕಿತ್ತು. ಓದು ಮುಗಿಯಲಿ, ಆಮೇಲೆ ಮದುವೆ ಎಂದು ನಿಮ್ಮ ತಂದೆಯನ್ನು ಹೆಚ್ಚುಕಡಿಮೆ ಒಪ್ಪಿಸಿದ್ದಿರಿ. ತುಳಸಿಯೇ ಹೇಳಿದ ಮೇಲೆ ಅವರು ನಿಮ್ಮ ಮಾತಿಗೆ ಕಿವಿಗೊಡಲಿಲ್ಲ. ಆಗ ನೀವು ನನ್ನನ್ನು ಕಾಂಪೌಂಡಿನ ಹತ್ತಿರ ಕರೆದಿರಿ — ನೆನಪಿದೆಯೇ?

"ನೀನು ಬಾಟನಿ ಓದ್ತೀಯಲ್ಲ, ನಿಜ ಹೇಳೋ. ಗಿಡ ತಾನಾಗೇ ಬಗ್ಗಿತಾ? ಅಲ್ಲ ಅಂತ ನೀನೊಬ್ಬ ಅಂದ್ರೆ ಸಾಕು, ನಾನು ಅಪ್ಪನ ಹತ್ರ ಮಾತಾಡ್ತೀನಿ."

ತುಳಸಿಯನ್ನು ಹಿತ್ತಲಲ್ಲಿ ಮಲಗಿಸಿದೆ ಎಂದು ಗೊತ್ತಾದರೆ ಅಮ್ಮ ನನ್ನನ್ನು ಏನು ಮಾಡಬಹುದು — ತಲೆಯಲ್ಲಿ ಇದ್ದದ್ದು ಅದೊಂದೇ.

"ಹೂಂ, ತಾನಾಗೇ" ಎಂದೆ.

ಆಷಾಢಕ್ಕೆ ಮುಂಚೆ ನಿಮ್ಮ ಮದುವೆ ಆಯಿತು. ಸೀಟು ಬೇರೆಯವರಿಗೆ ಹೋಯಿತು.

ಅಣ್ಣ ಒಳ್ಳೆಯವನು, ಸಂಸಾರ ಚೆನ್ನಾಗಿ ನಡೆಯಿತು — ಎಂದೆಲ್ಲ ಇಲ್ಲಿ ಬರೆದು, ಹೊಡೆದುಹಾಕಿದ್ದೇನೆ. ನೀವು ನನ್ನನ್ನು ಕೇಳಿದ್ದು ಅದಲ್ಲ. ಮೊನ್ನೆ ಮೊಮ್ಮಗಳು, "ಅಜ್ಜಿ, ಚಿಕ್ಕೋಳಿದ್ದಾಗ ನಿಂಗೆ ಏನಾಗ್ಬೇಕು ಅಂತಿತ್ತು?" ಎಂದು ಕೇಳಿದಳು. "ಹಾಗೇನೂ ಇರ್ಲಿಲ್ಲ ಕಣೇ" ಎಂದು ನೀವು ಹೇಳಿದಿರಿ. ನಾನು ಅಲ್ಲೇ ಕೂತಿದ್ದೆ, ಕಾಫಿ ಕುಡಿಯುತ್ತ.

ಇತ್ತು, ಅತ್ತಿಗೆ. ನನಗೆ ಗೊತ್ತಿತ್ತು.