ಬಗ್ಗಿದ ರಿಂಗಿನ ಭಾಗ್ಯ

ಬ್ಯಾಸ್ಕೆಟ್‌ಬಾಲ್ ಕೋರ್ಟಿನಲ್ಲಿ ಬಾಲು ಕೈಯಿಂದ ಹೊರಟ ಮೇಲೆ ಭಾಗ್ಯ ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ರಿಂಗಿಗೆ ಬೆನ್ನು ಹಾಕಿ ಓಡಿಬರುತ್ತಿದ್ದಳು. ಅವಳ ಬೆನ್ನ ಹಿಂದೆ ಬಾಲು ಬಲೆಯೊಳಗೆ ಇಳಿದಾಗ ನಾವು ಕುಣಿದರೆ, "ಕುಣ್ದಿದ್ದು ಸಾಕು, ಎದುರಿನವ್ರು ಬಂದ್ರು ನೋಡ್ರೇ" ಎಂದು ಬೈಯುತ್ತಿದ್ದಳು.

ಅವಳದು ಹುತ್ರಿದುರ್ಗದ ಕಡೆ, ನನ್ನದು ಗುಬ್ಬಿ. ತುಮಕೂರಿನ ಕಾಲೇಜಿಗೆ ಸೇರಿ ಬಟವಾಡಿಯಲ್ಲಿ ಒಂದೇ ಬಾಡಿಗೆ ರೂಮಿನಲ್ಲಿದ್ದೆವು. ಕುಳ್ಳಗಿದ್ದಳೆಂದು ಪಿ.ಟಿ. ಮೇಷ್ಟ್ರು ಅವಳನ್ನು ಗಾರ್ಡ್ ಮಾಡಿದರು. ಬಾಲು ತಂದು ನಮಗೆಲ್ಲ ಹಂಚುವ ಕೆಲಸ. ಅವಳು ಹಂಚುವುದರ ಜೊತೆಗೆ ದೂರದಿಂದ ಹಾಕುವುದನ್ನೂ ಕಲಿತಳು. ಬೆಳಗಾದರೆ ನನ್ನ ರಗ್ಗು ಎಳೆದು, "ಏಳೇ ಶೋಭಿ, ನಿದ್ದೆ ಮಾಡ್ದೋರ್ಗೆ ಯಾವ್ ಕೆಲ್ಸನೂ ಇಲ್ಲ" ಎನ್ನುತ್ತಿದ್ದಳು. ಯೂನಿವರ್ಸಿಟಿ ಟೀಮಿಗೆ ಬಂದರೆ ಕ್ರೀಡಾ ಕೋಟಾದಲ್ಲಿ ಸರ್ಕಾರಿ ಕೆಲಸ ಸಿಗಬಹುದು ಎಂದು ಮೇಷ್ಟ್ರು ಹೇಳಿದ್ದರು. ಅವಳಿಗೆ ಅದೊಂದೇ ಧ್ಯಾನ.

ನಮ್ಮ ಕೋರ್ಟಿನ ಎರಡು ರಿಂಗೂ ಮುಂದಕ್ಕೆ ಬಗ್ಗಿದ್ದವು. ಹುಡುಗರು ಜೋತುಬಿದ್ದು ಜೋತುಬಿದ್ದು ಹಾಗಾಗಿತ್ತು. ಅದೊಂದು ವಿಷಯವೆಂದು ಯಾರಿಗೂ ಅನ್ನಿಸಿರಲಿಲ್ಲ.

ಆಯ್ಕೆ ನಡೆದದ್ದು ಹೊಸ ಒಳಾಂಗಣ ಕ್ರೀಡಾಂಗಣದಲ್ಲಿ. ಭಾಗ್ಯ ಹಾಕಿದ ಮೊದಲ ಬಾಲು ರಿಂಗಿನ ಮುಂಭಾಗಕ್ಕೆ ಬಡಿದು ವಾಪಸು ಬಂತು. ಆಮೇಲಿನವೂ ಹಾಗೇ. ನಡುವೆ ನೀರು ಕುಡಿಯಲು ಬಂದಾಗ ತಣ್ಣಗೆ ಹೇಳಿದಳು: "ಇಲ್ಲಿ ರಿಂಗ್ ನೆಟ್ಟಗಿದೆ ಕಣೇ. ನನ್ ಕೈ ನಮ್ ಬಗ್ಗಿರೋ ರಿಂಗಿಗೆ ಒಗ್ಗೋಗಿದೆ. ಇವತ್ತು ಬೀಳಲ್ಲ. ನೀನು ರಿಂಗ್ ಕೆಳಗೆ ನಿಂತ್ಕೋ, ತಂದ್ ಕೊಡ್ತೀನಿ."

"ನಿನ್ ಕತೆ ಏನೇ?"

"ಇಬ್ರೂ ಮುಳುಗೋದ್ಯಾಕೆ, ಬುಡು."

ಆಮೇಲೆ ಅವಳು ಒಂದು ಸಲವೂ ಹಾಕಲಿಲ್ಲ. ಕೊಟ್ಟಳು, ನಾನು ಹಾಕಿದೆ. ಆಯ್ಕೆಯಾದದ್ದು ನಾನು. ಈಗ ಕುಣಿಗಲ್ಲಿನಲ್ಲಿ ಸರ್ಕಾರಿ ಗುಮಾಸ್ತೆ. ಅವಳು ವಸಂತನರಸಾಪುರದ ಫ್ಯಾಕ್ಟರಿಗೆ ಸೇರಿದಳು. ಫೋನಿನಲ್ಲಿ ಸಿಕ್ಕಾಗ ಆ ದಿನದ ಮಾತು ತೆಗೆದರೆ, "ಬೇರೆ ಏನಾದ್ರೂ ಹೇಳೇ" ಎನ್ನುತ್ತಿದ್ದಳು.

ಹೋದ ತಿಂಗಳು ಜ್ವರ ಎಂದು ಆಸ್ಪತ್ರೆ ಸೇರಿದವಳು ಮನೆಗೆ ಬರಲೇ ಇಲ್ಲ. ಸುದ್ದಿ ಕೇಳಿದ ದಿನವೂ ನಾನು ಆಫೀಸಿನಲ್ಲಿ ಕೂತೇ ಇದ್ದೆ. ಊಟದ ಡಬ್ಬಿ ಬಿಚ್ಚಿ ತಿಂದೆ ಕೂಡ. ಅಳು ಬರಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ತಿಥಿಗೆ ಹೋದಾಗ ಅವಳ ಅವ್ವ ಪಕ್ಕದಲ್ಲಿ ಕೂರಿಸಿಕೊಂಡರು.

"ಶೋಭಾ ಅಂದ್ರೆ ನೀನೇನವ್ವ? ನಿನ್ನಂಗೆ ಗುರಿ ಇಟ್ಟು ಬಾಲ್ ಹಾಕೋರು ಕಾಲೇಜಲ್ಲೇ ಇರ್ಲಿಲ್ಲ ಅಂತಿದ್ಲು. ತಾನು ಬರೀ ಜೊತೇಲಿ ಓಡೋಳಂತೆ."

"ಇಲ್ಲಮ್ಮ, ಹಾಕ್ತಿದ್ದೋಳು ಅವ್ಳು," ಎಂದೆ.

"ಸತ್ತೋರ್ನ ಎಲ್ರೂ ಹಂಗೇ ಹೊಗಳ್ತಾರೆ ಬುಡವ್ವ," ಎಂದು ಕಾಫಿ ಲೋಟ ನನ್ನ ಕೈಗಿಟ್ಟರು.