ಬೀಗರು ಕೇಳಿದ ಕನ್ನಡಿ

ಶಿಗ್ಗಾಂವದ ಹೈವೇ ಪಕ್ಕದ ದೊಡ್ಡ ಹೊಟೆಲಿನಲ್ಲಿ ಕೊರಳಿಗೆ ಟೈ ಕಟ್ಟಿಕೊಂಡು ನಿಲ್ಲುವ ಸಂಬಳದಾಳು ಫಕ್ಕೀರೇಶ. ಟೈ ಕಟ್ಟಲು ಅವನಿಗೆ ಇನ್ನೂ ಬರುವುದಿಲ್ಲ. ಕೆಲಸಕ್ಕೆ ಸೇರಿದ ದಿನ ರೂಮುಗಳ ಉಸ್ತುವಾರಿ ಮೆಹಬೂಬ ಹಾಕಿಕೊಟ್ಟ ಗಂಟನ್ನೇ ಸಂಜೆ ಸಡಿಲಿಸಿ ತಲೆಯಿಂದ ತೆಗೆಯುತ್ತಾನೆ, ಮರುದಿನ ಹಾಗೇ ಏರಿಸಿಕೊಳ್ಳುತ್ತಾನೆ. ತಾನು ಹುಬ್ಬಳ್ಳಿಯಲ್ಲಿ ಹೊಟೆಲ್ ಮ್ಯಾನೇಜ್‌ಮೆಂಟ್ ಡಿಪ್ಲೊಮಾ ಮಾಡಿದವನು ಎಂಬುದನ್ನು ಮಾತ್ರ ಕಂಡಕಂಡವರಿಗೆ ಹೇಳದೆ ಬಿಡುವುದಿಲ್ಲ. ಕೇಳಿದವರು ‘ಹೌದಾ’ ಎಂದು ರೂಮಿನ ಕೀಲಿ ಇಸಿದುಕೊಂಡು ಹೋಗುತ್ತಾರೆ.

ಹೊಟೆಲಿನ ಮಾಲೀಕರು ಬಸವಣ್ಣೆಪ್ಪನವರು. ಸುತ್ತಲಿನ ತಾಲೂಕುಗಳಲ್ಲಿ ಬರೀ ‘ಸಾವ್ಕಾರ್ರು’ ಎಂದರೆ ಸಾಕು, ಅವರೇ. ಹಾನಗಲ್ ಬಸ್‌ಸ್ಟ್ಯಾಂಡಿನ ಎದುರು ಮಹಡಿಯ ಮೇಲೆ ನಾಲ್ಕು ರೂಮಿನ ಲಾಡ್ಜಿನಿಂದ ಶುರುಮಾಡಿದವರು. ಕೋರ್ಟಿನ ತಾರೀಖಿಗೆ ಬಂದವರು, ಅಡಿಕೆ ಮಾರಲು ಬಂದವರು ಅಲ್ಲಿ ಇಳಿಯುತ್ತಿದ್ದರು. ಆಮೇಲೆ ಸವಣೂರಿನ ಎಲೆತೋಟಗಳ ಅಂಚಿಗೆ ಬಂಗಲೆಗಳನ್ನು ಕಟ್ಟಿ ಹುಬ್ಬಳ್ಳಿಯ ಡಾಕ್ಟರುಗಳಿಗೆ ಮಾರಿದರು. ಕೊನೆಗೆ ಈ ಹೊಟೆಲು: ಈಜುಕೊಳ, ಕನ್ನಡಿ ಹಚ್ಚಿದ ಲಿಫ್ಟು, ಕಾಲಿಟ್ಟರೆ ಮುಖ ಕಾಣುವಂಥ ನೆಲ.

ಇಷ್ಟೆಲ್ಲ ಕಟ್ಟಿದವರು ಕಲಿತದ್ದು ಮಾತ್ರ ಒಂದು ಪಡಸಾಲೆಯಲ್ಲಿ. ಹಿರೇಕೆರೂರು ಕಡೆಯ ಹಳ್ಳಿಯಲ್ಲಿ ಅವರ ಮನೆಯ ಪಡಸಾಲೆ ಊರಿಗೇ ದೊಡ್ಡದು. ಯಾರ ಮನೆಯ ಹೆಣ್ಣಿನ ಲಗ್ನವಾದರೂ ಬೀಗರನ್ನು, ಅಂದರೆ ಗಂಡಿನ ಕಡೆಯವರನ್ನು, ಅಲ್ಲಿಯೇ ಇಳಿಸುತ್ತಿದ್ದರು. ಒಂದು ಲಗ್ನದಲ್ಲಿ ಬಿಸಿನೀರು, ಎಣ್ಣೆ, ದಿಂಬು, ತಲೆ ಬಾಚುವ ಹಣಿಗೆ ಎಲ್ಲ ಮೊದಲೇ ಅಣಿಯಾಗಿತ್ತು. ಕೇಳಲು ಬೀಗರಿಗೆ ಏನೂ ಉಳಿದಿರಲಿಲ್ಲ. ಗುಮ್ಮನೆ ಕೂತು ಎದ್ದು ಹೋದವರು, ‘ನಿಮ್ಮೂರಾಗ ನಮ್ಮನ್ನ ಮಾತಾಡ್ಸೋರ ಇರಲಿಲ್ಲ’ ಎಂದು ಆ ಸೊಸೆಯನ್ನು ವರ್ಷಗಟ್ಟಲೆ ಚುಚ್ಚಿದರು. ಇನ್ನೊಂದು ಲಗ್ನದಲ್ಲಿ ಹಣಿಗೆ ಇಡುವುದು ಮರೆತುಹೋಗಿತ್ತು. ಬೀಗರು ಗುಡುಗಿದರು. ಹರೆಯದ ಬಸವಣ್ಣೆಪ್ಪ ಓಡಿಹೋಗಿ ಅವ್ವನ ಹಣಿಗೆ ತಂದುಕೊಟ್ಟ. ಬೀಗರು ತಲೆ ಬಾಚಿಕೊಂಡು, ಹೆಸರು ಕೇಳಿ, ಬೆನ್ನು ತಟ್ಟಿದರು. ಮುಂದೆ ಆ ಊರಿಗೆ ಬಂದಾಗಲೆಲ್ಲ ‘ಹಣಿಗಿ ತಮ್ಮ ಎಲ್ಲಿ?’ ಎಂದು ಹುಡುಕಿಕೊಂಡು ಬರುತ್ತಿದ್ದರು.

ಅಂದು ಕಲಿತದ್ದನ್ನು ಅವರು ಬಿಟ್ಟಿಲ್ಲ. ಇವತ್ತಿಗೂ ಹೊಟೆಲಿನ ಯಾವ ರೂಮಿನಲ್ಲೂ ಹಣಿಗೆ ಇರುವುದಿಲ್ಲ. ಗಿರಾಕಿ ಫೋನ್ ಮಾಡಬೇಕು, ಅವನು ಫೋನ್ ಇಡುವಷ್ಟರಲ್ಲಿ ಬಾಗಿಲಲ್ಲಿ ಹಣಿಗೆ ಹಿಡಿದು ಒಬ್ಬ ನಗುತ್ತ ನಿಂತಿರಬೇಕು. ಬಂಗಲೆಗಳಲ್ಲೂ ಅಷ್ಟೇ, ಗೇಟಿಗೆ ಮಾತ್ರ ಬಣ್ಣ ಹಚ್ಚಿಸುವುದಿಲ್ಲ. ಕೊಂಡವರು ಬಂದು ಜಗಳ ತೆಗೆದು, ತಮಗೆ ಬೇಕಾದ ಬಣ್ಣ ಹೇಳಿ, ಹಚ್ಚಿಸಿಕೊಂಡು ಹೋಗುತ್ತಾರೆ. ಆಮೇಲೆ ನೆಂಟರಿಗೆಲ್ಲ ಮೊದಲು ತೋರಿಸುವುದು ಆ ಗೇಟನ್ನೇ.

ಇದು ಫಕ್ಕೀರೇಶನಿಗೆ ತಿಳಿದದ್ದು ತಡವಾಗಿ. ಬಂದ ಹೊಸತರಲ್ಲಿ, ಕಲಿತವನಲ್ಲವೇ, ಎಲ್ಲ ರೂಮಿಗೂ ಹಣಿಗೆ ಇಡಿಸಿದ್ದ. ಫೋನಿನ ಸದ್ದಡಗಿತು. ಅವನು ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳುತ್ತಿರುವಾಗ ಸಾವ್ಕಾರ್ರು ಬಂದು ಫೋನನ್ನು ದಿಟ್ಟಿಸಿ ನೋಡಿದರು.

“ಏನಲೇ ಫಕ್ಕೀರ್ಯಾ, ಮಂದಿ ನಮ್ಮ ಮ್ಯಾಲ ಸಿಟ್ಟಾಗ್ಯಾರೇನು?”

“ಇಲ್ಲರಿ, ಯಾರದೂ ತಕರಾರ ಇಲ್ಲ.”

“ಅದನ್ನ ಹೇಳಾಕತ್ತೇನಿ ನಾನೂ. ಹಣಿಗಿ ತಗಿ.”

ಹೀಗಿರುವಾಗ ಸಾವ್ಕಾರ್ರ ಮಗ ಚನ್ನೇಶನ ಲಗ್ನ ಕೂಡಿಬಂತು. ಹೆಣ್ಣು ಸಮತಾ, ಹಿರೇಕೆರೂರು ಕಡೆಯ ಇನ್ನೊಂದು ಹಳ್ಳಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ ಉಳಿವೆಪ್ಪನ ಮಗಳು. ಲಗ್ನ ಹೊಟೆಲಿನಲ್ಲೇ ಎಂದು ಎಲ್ಲರೂ ತಿಳಿದಿದ್ದರು. ಒಂದು ದಿನ ಉಳಿವೆಪ್ಪ ಬಂದು ಸೋಫಾದ ತುದಿಯಲ್ಲಿ ಕೂತ.

“ಬೀಗರ, ಲಗ್ನ ನಮ್ಮೂರಾಗ ಆಗ್ಲಿರಿ. ಇಲ್ಲಿ ಮಾಡಿದ್ರ ನಾವೆಲ್ಲಾ ನಿಮ್ಮ ಗಿರಾಕಿ ಆದಂಗ ಆಗತೈತಿ. ನಿಮ್ಮನ್ನ ಇಳಿಸಿಕೊಳ್ಳೋದು ನಮ್ಮ ಪಾಲಿಂದು.”

ಸಾವ್ಕಾರ್ರು ತಡಮಾಡಲಿಲ್ಲ. “ಇಳಿಸಿಕೋರಿ. ಆದ್ರ ನಾ ಭಾಳ ಕಿರಿಕಿರಿ ಬೀಗ. ಈಗ ಹೇಳಿರತೇನಿ.”

ಉಳಿವೆಪ್ಪ ನಕ್ಕ. ನಗು ಬಾಯಿಂದ ಮೇಲೆ, ಕಣ್ಣಿನವರೆಗೆ ಏರಲಿಲ್ಲ.

ಸಾವ್ಕಾರ್ರ ಹೆಂಡತಿ ಸುಶೀಲವ್ವನಿಗೆ ದಿಗಿಲಾಯಿತು. ಫಕ್ಕೀರೇಶನನ್ನು ಬದಿಗೆ ಕರೆದಳು. “ನಮ್ಮ ಮಂದಿ ಬಾಯಿ ನಿನಗ ಗೊತ್ತಿಲ್ಲ ತಮ್ಮಾ. ಎ.ಸಿ. ಒಳಗ ಮಲಗಿ ಸೊಕ್ಕ್ಯಾರ. ಅಲ್ಲಿ ಏನರ ಹೆಚ್ಚುಕಡಿಮಿ ಆದ್ರ ಆ ಹುಡಿಗೀನ್ನ ಜೀವ ಇರೋತನಕ ಹಂಗಸ್ತಾರ. ಸಾವ್ಕಾರ್ರಿಗೆ ಗೊತ್ತಾಗದಂಗ ಗಾದಿ, ಟವೆಲ್ಲು ಒಯ್ದು ಹಾಸಿ ಬಾ.”

ಅವನೂ ಮೆಹಬೂಬನೂ ವ್ಯಾನು ತುಂಬಿದರು. ಹುಮ್ಮಸ್ಸಿನಲ್ಲಿ ಫಕ್ಕೀರೇಶ ಬಾಗಿಲಿಗೆ ತೂಗುಹಾಕುವ ‘ದಯವಿಟ್ಟು ತೊಂದರೆ ಕೊಡಬೇಡಿ’ ಬೋರ್ಡುಗಳನ್ನೂ ಹಾಕಿಕೊಂಡ. “ಹಳ್ಳ್ಯಾಗ ಬಾಗಿಲಾನ ಹಾಕಂಗಿಲ್ಲ, ಇದನ್ನ ಎಲ್ಲಿ ತೂಗಹಾಕ್ತಿ, ಎಮ್ಮಿ ಕೊರಳಿಗೇನು?” ಎಂದು ಮೆಹಬೂಬ ಅವನ್ನು ಇಳಿಸಿದ.

ಹಾನಗಲ್ಲಿನ ಪೆಂಡಾಲದವನು ತನ್ನ ಗೆಳೆಯ, ಅವನ ಅಂಗಡಿಯಿಂದ ತಂದದ್ದು ಎಂದು ಫಕ್ಕೀರೇಶ ಉಳಿವೆಪ್ಪನ ಮುಂದೆ ಸುಳ್ಳು ಹೇಳಿದ. ಲಗ್ನದ ಗಡಿಬಿಡಿಯಲ್ಲಿದ್ದ ಉಳಿವೆಪ್ಪ ನಂಬಿದ. ಅವನ ಪಡಸಾಲೆಯಲ್ಲಿ ಬಿಳೀ ಗಾದಿಗಳ ಸಾಲು ಎದ್ದಿತು. ಡಿಪ್ಲೊಮಾದಲ್ಲಿ ಟವೆಲನ್ನು ಹಂಸದ ಆಕಾರಕ್ಕೆ ಮಡಚಲು ಕಲಿಸಿದ್ದರು. ಕಲಿತ ವಿದ್ಯೆ ಇಷ್ಟು ದಿನಕ್ಕೆ ಉಪಯೋಗಕ್ಕೆ ಬಂತೆಂದು ಫಕ್ಕೀರೇಶ ಪ್ರತಿ ಗಾದಿಯ ಮೇಲೂ ಒಂದೊಂದು ಹಂಸ ಕೂರಿಸಿದ. ಆದರೆ ಹೊಟೆಲಿನ ಪ್ರತಿ ಟವೆಲಿನ ಮೂಲೆಗೂ ಒಂದು ನೀಲಿ ಎತ್ತಿನ ಗುರುತು ಹೊಲಿದಿರುತ್ತದೆ. ಆ ಎತ್ತು ನೆಟ್ಟಗೆ ಹಂಸದ ಎದೆಯ ಮೇಲೆ ಬಂದು ನಿಂತಿತ್ತು.

ಬೀಗರು ಬರುವ ಸಂಜೆ ಉಳಿವೆಪ್ಪ ಬಂದು ನೋಡಿದ. ಒಂದು ಹಂಸವನ್ನು ಎತ್ತಿಕೊಂಡ.

“ತಮ್ಮಾ, ಇದು ಯಾವ ಪೆಂಡಾಲದ ಎತ್ತು?”

ಫಕ್ಕೀರೇಶ ಅಂಗೈಯಿಂದ ಎತ್ತನ್ನು ಮುಚ್ಚಲು ಹೋದ.

“ಬೀಗರ ಗಾದಿ ತಂದು ಬೀಗರಿಗೇ ಹಾಸಲೇನು? ನಾಳೆ ನನ್ನ ಮಗಳು ಆ ಮನ್ಯಾಗ ಯಾವ ಬಾಯಿಲೆ ಮಾತಾಡಬೇಕು? ತಗೀರಿ ಎಲ್ಲಾನೂ.”

ದನಿ ಏರಿಸದೆ ಹೇಳಿದ. ಏರಿಸಿದ್ದರೆ ಫಕ್ಕೀರೇಶನಿಗೆ ಎಷ್ಟೋ ಹಗುರಾಗುತ್ತಿತ್ತು. ಗಾದಿಗಳನ್ನೆಲ್ಲ ಹೊತ್ತು ಪಕ್ಕದ ಗಿರಣಿಯಲ್ಲಿ ಒಟ್ಟಿದ್ದಾಯಿತು. ಉಳಿವೆಪ್ಪನ ಹೆಂಡತಿ ಓಣಿಯಲ್ಲಿ ಒಂದು ಕೂಗು ಹಾಕಿದಳು. ಮನೆಮನೆಯಿಂದ ಹೆಂಗಸರು ಕೌದಿ ಹೊತ್ತು ತಂದರು. ಹಳೆಯ ಸೀರೆ, ಧೋತರಗಳ ತುಂಡು ಸೇರಿಸಿ ಹೊಲಿದ ಬಣ್ಣಬಣ್ಣದ ಕೌದಿಗಳು ಪಡಸಾಲೆಯನ್ನು ತುಂಬಿದವು. ಕೊನೆಯದನ್ನು ಹಾಸುವಷ್ಟರಲ್ಲಿ ಊರ ಅಗಸೆಬಾಗಿಲಲ್ಲಿ ಬಸ್ಸಿನ ಹಾರ್ನ್ ಕೇಳಿತು.

ಕಾಲಿಗೆ ನೀರು ಕೊಟ್ಟರು. ಕುಡಿಯಲು ಬೆಲ್ಲ, ನೀರು ಬಂತು. ಸಾವ್ಕಾರ್ರ ಕಡೆಯವರು ಕೌದಿಗಳ ಮೇಲೆ ಸಾಲಾಗಿ ಕೂತರು. ಬಿಸಿನೀರಿನ ಹಂಡೆ ಕುದಿಯುತ್ತಿತ್ತು, ದಿಂಬು ಇದ್ದವು, ಗೋಡೆಯ ಮೊಳೆಗೆ ಕನ್ನಡಿ, ಪಕ್ಕದಲ್ಲಿ ಹಣಿಗೆ. ಏನೂ ಕಡಿಮೆ ಇರಲಿಲ್ಲ. ಹಾಗಾಗಿಯೇ ಯಾರೂ ಮಾತಾಡಲಿಲ್ಲ. ಉಳಿವೆಪ್ಪ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ. ಬೀಗರ ಮೌನ ಅವನ ಮುಖವನ್ನು ಬಿಳಿಚಿಸುತ್ತಿತ್ತು. ಈಗ ಆಡದೆ ನುಂಗಿದ ಮಾತನ್ನೆಲ್ಲ ನಾಳೆ ಮಗಳು ಕೇಳಬೇಕಲ್ಲ. ಚಹಾ ತರಿಸಲು ಅವನು ಒಳಗೆ ಹೋದ. ಉಳಿದವರು ಒಬ್ಬೊಬ್ಬರಾಗಿ ಮುಖ ತೊಳೆಯಲು ಹಿತ್ತಲಿಗೆ ನಡೆದರು.

ಪಡಸಾಲೆಯಲ್ಲಿ ಉಳಿದವರು ಸಾವ್ಕಾರ್ರು ಒಬ್ಬರೇ. ಬಾಗಿಲ ಸಂದಿಯಲ್ಲಿ ಅಡಗಿದ್ದ ಫಕ್ಕೀರೇಶ ನೋಡುತ್ತಿದ್ದಂತೆ ಅವರು ಎದ್ದರು. ಆಚೆ ಈಚೆ ನೋಡಿ ಗೋಡೆಯ ಕನ್ನಡಿ ಬಿಚ್ಚಿದರು. ಅದನ್ನು ಮೂಲೆಯಲ್ಲಿ ಒಟ್ಟಿದ್ದ ಗೋವಿನಜೋಳದ ಚೀಲಗಳ ಹಿಂದೆ ತೂರಿಸಿ, ಬಂದು ಮೊದಲಿನಂತೆ ಕೂತರು. ಕನ್ನಡಿಗಳ ಲಿಫ್ಟು ಇರುವವರಿಗೆ ಈ ಅಂಗೈಯಗಲದ ಕನ್ನಡಿಯ ಮೇಲೆ ಯಾಕೆ ಆಸೆ ಎಂದು ಡಿಪ್ಲೊಮಾದವನ ತಲೆ ಓಡಿತು. ಅವನ ತಲೆ ಓಡುವುದೇ ಹಾಗೆ, ತಪ್ಪು ದಿಕ್ಕಿಗೆ, ಜೋರಾಗಿ.

ಚಹಾ ಬಂತು. ಎಲ್ಲರೂ ಬಂದು ಕೂತರು. ಸಾವ್ಕಾರ್ರು ಒಂದು ಗುಟುಕು ಕುಡಿದು ಬಸಿಯನ್ನು ಕೆಳಗಿಟ್ಟರು.

“ಉಳಿವೆಪ್ಪಾರ, ಏನಿದು? ಬೀಗರನ್ನ ಇಳಿಸೋ ರೀತಿ ಇದಾ? ಪಡಸಾಲ್ಯಾಗ ಒಂದು ಕನ್ನಡಿ ಇಲ್ಲ. ತಲಿ ಹೆಂಗ ಬಾಚಿಕೊಳ್ಳಲಿ?”

ಉಳಿವೆಪ್ಪ ಗೋಡೆ ನೋಡಿದ. ಬರೀ ಮೊಳೆ. ಅಷ್ಟರಲ್ಲಿ ಒಳಗಿನಿಂದ ಒಬ್ಬ ಮುದುಕಿಯ ದನಿ: “ಬಾಚಾಕ ಅಲ್ಲಿ ಏನ ಐತಿ ನೋಡವ್ವ, ತಂಬಿಗಿ ಇದ್ದಂಗ ಐತಿ ತಲಿ.”

ಸಾವ್ಕಾರ್ರು ಬೋಳು ತಲೆ ಸವರಿಕೊಂಡರು. “ತಲಿ ಹೋದ್ರ ಹೋಗ್ಲಿ ಆಯಿ, ಮೀಸಿ ಐತಲ್ಲ.”

ಒಳಗೆ ಹೆಂಗಸರ ನಗು ಸಿಡಿಯಿತು. ಉಳಿವೆಪ್ಪ ಓಡಿದ. ಓಣಿಯ ಅರ್ಧಕ್ಕರ್ಧ ಓಡಿತು. ದುಂಡನೆಯದು, ಒಡಕಿನದು, ಹಿಂದೆ ನವಿಲಿನ ಚಿತ್ರವಿದ್ದದ್ದು, ಮೋಟರ್‌ಸೈಕಲ್ಲಿನಿಂದ ಬಿಚ್ಚಿ ತಂದದ್ದು, ಕನ್ನಡಿಯ ಮೇಲೆ ಕನ್ನಡಿ ಬಂದವು. ಸಾವ್ಕಾರ್ರು ಒಂದೊಂದರಲ್ಲೂ ಮೀಸೆ ತಿರುವಿ ನೋಡಿ, “ಇದರಾಗ ವಯಸ್ಸಾದಂಗ ಕಾಣತೇನಿ, ಬ್ಯಾರೆ ತರ್ರಿ” ಎಂದು ಹಿಂದಿರುಗಿಸಿದರು. ನೋಡಿ ನೋಡಿ ಅವರ ಕಡೆಯವರಿಗೂ ಬಾಯಿ ಬಂತು. ಒಬ್ಬರಿಗೆ ಸುಣ್ಣ ಬೇಕು, ಒಬ್ಬರಿಗೆ ಇನ್ನೊಂದು ಕೌದಿ, ಮತ್ತೊಬ್ಬರಿಗೆ ಖಾರ ಮಂಡಕ್ಕಿ. ಕೇಳಿದ್ದೆಲ್ಲ ನಗೆಯ ಜೊತೆ ಬಂತು. ಉಳಿವೆಪ್ಪ ಬೆವರುತ್ತ, ಗದರುತ್ತ ಓಡಾಡಿದ. ಮನೆಯ ಯಜಮಾನನ ಮುಖ ಅವನಿಗೆ ಮರಳಿ ಬಂದಿತ್ತು.

ಆ ಗದ್ದಲದ ನಡುವೆಯೇ ಸಾವ್ಕಾರ್ರು ಬಾಗಿಲ ಸಂದಿಯ ಕಡೆ ತಿರುಗಿದರು. “ಲೇ ಫಕ್ಕೀರ್ಯಾ, ಬಾ ಹೊರಗ. ನಮ್ಮ ಗಾದಿ ಗಿರಣ್ಯಾಗ ಇಟ್ಟೀಯೇನು?”

“ನಿಮಗ ಹೆಂಗ ಗೊತ್ತಾತ್ರಿ?”

“ಆ ಟೈ ಮ್ಯಾಲ ಅರ್ಧ ಸೇರು ಹಿಟ್ಟು ಐತಿ. ನಾಳೆ ಒಂದೂ ಬಿಡದಂಗ ಬಿಸಲಿಗೆ ಹಾಕಿ ಝಾಡಸು. ನಿನ್ನ ಕಳಿಸಿದ ಅವ್ವಾರಿಗೂ ಹೇಳು, ನನಗ ಏನೂ ಗೊತ್ತಿಲ್ಲಂತ.”

ಮರುದಿನ ಮದುಮಕ್ಕಳ ಮೇಲೆ ಅಕ್ಕಿಕಾಳು ಬಿದ್ದು, ಊಟ ಮುಗಿದ ಮೇಲೆ, ಉಳಿವೆಪ್ಪ ಗೋವಿನಜೋಳದ ಚೀಲ ಸರಿಸುತ್ತಿದ್ದ. ಹಿಂದಿನಿಂದ ಕನ್ನಡಿ ಹೊರಬಿತ್ತು. ಅದನ್ನು ಕೈಯಲ್ಲಿ ಹಿಡಿದು ತುಂಬ ಹೊತ್ತು ನೋಡಿದ. ಧೋತರದ ತುದಿಯಿಂದ ಧೂಳು ಒರೆಸಿದ. ಮೊಳೆಯ ಕಡೆ ಹೋಗಲಿಲ್ಲ. ಮತ್ತೆ ಚೀಲದ ಹಿಂದೆಯೇ ಇಟ್ಟ. ಗಾದಿಯೊಂದನ್ನು ಹೆಗಲ ಮೇಲೆ ಹೊತ್ತು ಅಲ್ಲೇ ನಿಂತಿದ್ದ ಫಕ್ಕೀರೇಶನಿಗೆ, “ನೀ ಏನೂ ನೋಡಿಲ್ಲ” ಎಂದ.

ಬಸ್ಸು ಹೊರಟಿತು. ಮದುಮಗಳು ಕಣ್ಣೊರೆಸಿಕೊಳ್ಳುತ್ತಿದ್ದಳು. ಸಾವ್ಕಾರ್ರು ಕಿಟಕಿಯಿಂದ ತಲೆ ಹೊರಗೆ ಹಾಕಿದರು.

“ಉಳಿವೆಪ್ಪಾರ, ಮುಂದ ಬಂದಾಗ ಕನ್ನಡಿ ಇರಬೇಕು ನೋಡ್ರಿ.”

“ಇರಂಗಿಲ್ಲರಿ ಬೀಗರ,” ಎಂದ ಉಳಿವೆಪ್ಪ, ಕೈಮುಗಿಯದೆ, ಸೊಂಟದ ಮೇಲೆ ಕೈಯಿಟ್ಟುಕೊಂಡು. “ನೀವು ಕೇಳ್ರಿ. ಆಮ್ಯಾಲ ತರತೇನಿ.”