ಎಲ್ಲಿ ನೀನೋ

ಮಂಗಸೂಳಿ ಹತ್ತಿರದ ನಮ್ಮ ಅತ್ತೆಯ ದ್ರಾಕ್ಷಿ ತೋಟದಲ್ಲಿ ಆ ವರ್ಷ ಎಲೆಗಳ ಮೇಲೆ ಸಾಸಿವೆ ಚೆಲ್ಲಿದಂತೆ ಕಂದು ಚುಕ್ಕಿ ಎದ್ದವು. ಎಲೆ ಕೆಟ್ಟರೆ ಗೊನೆಗೆ ಸಿಹಿ ಏರುವುದಿಲ್ಲ. ಅತ್ತೆ ವಿಚಾರಣೆ ಗಿಚಾರಣೆ ಎನ್ನದೆ, ಬದುವಿನಾಚೆ ಕಬ್ಬು ಬೆಳೆಯುವ ಕಾಕಾನೇ ಕಳೆನಾಶಕ ಹೊಡೆದು ಗಾಳಿಗೆ ಬಿಟ್ಟಿದ್ದಾನೆಂದು ತೀರ್ಪು ಕೊಟ್ಟು, ಅವನೊಡನೆ ಮಾತು ಬಿಟ್ಟಳು. ಆದರೆ ಇಬ್ಬರ ಬಾವಿಯೂ ಒಂದೇ. ನೀರಿನ ಪಾಳಿ ಬಂದರೆ ಅತ್ತೆ ಎಮ್ಮೆಯ ಕಡೆ ತಿರುಗಿ, "ಮೋಟಾರ್ ಬಂದ್ ಮಾಡಂತ ಹೇಳ ಬೇ ಅವಗ" ಎನ್ನುತ್ತಿದ್ದಳು. ಎಮ್ಮೆ ಮೆಲುಕು ಹಾಕುತ್ತಿತ್ತು. ಮೋಟಾರ್ ಬಂದಾಗುತ್ತಿತ್ತು.

ಈ ಜಗಳ ನೋಡಲಾರದೆ ನಾನು ಅಥಣಿಯಿಂದ ಒಬ್ಬ ಬೆಳೆತಜ್ಞರನ್ನು ಕರೆತಂದೆ. ದಕ್ಷಿಣದ ಕಡೆಯವರು. ಎಲೆಗೆ ಭೂತಗನ್ನಡಿ ಹಿಡಿದು ನೋಡಿದರು.

"ಇದು ಕಳೆನಾಶಕದ್ದಲ್ಲಮ್ಮ, ಓಝೋನ್‌ನದು. ದೂರದ ಸಮುದ್ರ ಕಾದರೆ ನಮ್ಮಲ್ಲಿ ಮಳೆ, ಮೋಡ ಕಡಿಮೆಯಾಗುತ್ತವೆ. ಆ ಬಿಸಿಲಿಗೆ ಹೊಗೆಯೊಳಗಿನ ಅನಿಲಗಳು ಬೆಂದು ನೆಲದ ಹತ್ತಿರ ಓಝೋನ್ ಹೆಚ್ಚುತ್ತದೆ. ಆಕಾಶದಲ್ಲಿ ಮೇಲಿದ್ದರೆ ಅದು ನಮಗೆ ಕೊಡೆ, ಕೆಳಗಿದ್ದರೆ ಎಲೆಗೆ ವಿಷ."

"ಅಂದ್ರ ಅಳಿಯಾ ಇದ್ದಂಗ್ರಿ. ತನ್ನ ಊರಾಗಿದ್ರ ಚಂದ, ಇಲ್ಲಿ ಬಂದ ಠಿಕಾಣಿ ಹೂಡಿದ್ರ ತ್ರಾಸ. ಇದನ್ನೆಲ್ಲಾ ಮಾಡಾವ ಯಾಂವ್ರಿ?"

"ಎಲ್ ನಿನೋ."

"ಆಂ?" ಅತ್ತೆಗೆ ಕಿವಿ ಸ್ವಲ್ಪ ಮಂದ.

ತಜ್ಞರು ಗಂಟಲೇರಿಸಿದರು: "ಎಲ್ ನಿನೋ! ಎಲ್ ನಿನೋ!"

ಕಬ್ಬಿನೊಳಗಿಂದ ಕಾಕಾ ಕುಡುಗೋಲು ಹಿಡಿದೇ ಹೊರಬಿದ್ದ. "ಯಾರ್ರಿ ಅದು? ವಯಸ್ಸಿನ ಖಬರ್ ಇಲ್ಲೇನ್ರಿ? 'ಎಲ್ಲಿ ನೀನೋ, ಎಲ್ಲಿ ನೀನೋ' ಅಂತ ಒದರತೀರಿ! ಇಲ್ಲೇ ಅದೀನಿ!"

ನಾನು ನಗು ತಡೆಯಲಾರದೆ ಬಳ್ಳಿಯ ಮರೆಗೆ ಸರಿದೆ. ಕುಡುಗೋಲಿನ ಮೇಲೊಂದು ಕಣ್ಣಿಟ್ಟುಕೊಂಡೇ ತಜ್ಞರು ಮತ್ತೆ ಎಲ್ಲ ವಿವರಿಸಿ, "ನೀವು ಕಬ್ಬಿನ ರವದಿ ಸುಡುತ್ತೀರಾ?" ಎಂದರು. ರವದಿಯೆಂದರೆ ಕಬ್ಬು ಕಡಿದ ಮೇಲೆ ಉಳಿಯುವ ಒಣ ಸೋಗೆ.

"ಸುಡ್ತೀನ್ರಿ. ಊರಾಗ ಎಲ್ಲಾರೂ ಸುಡ್ತಾರ."

"ಔಷಧ ಅಲ್ಲಂದ್ರ ಹೊಗಿ! ಕಳ್ಳ ನೀನ ಅಲ್ಲೇನೋ!" ಸಂಭ್ರಮದಲ್ಲಿ ಅತ್ತೆ ನೇರವಾಗಿ ಅವನೊಡನೆಯೇ ಮಾತಾಡಿಬಿಟ್ಟಿದ್ದಳು. "ಇನ್ಮ್ಯಾಲ ಸುಡಬ್ಯಾಡ. ನನ್ನ ಬಳ್ಳಿ ಬುಡಕ್ಕ ತಂದ ಹಾಕು, ತಂಪರ ಇರತೈತಿ."

ಮರುದಿನ ಕಾಕಾ ರವದಿಯ ದೊಡ್ಡ ಹೊರೆ ತಲೆಯ ಮೇಲಿಟ್ಟುಕೊಂಡು ಬದು ದಾಟಿದ. ನಮ್ಮ ಗಡಿಯ ಮರಾಠಿಯಲ್ಲಿ ಹೊರೆಗೆ ಓಝ ಎನ್ನುತ್ತಾರೆ.

"ಓಝೋನ್ ಅಂದ್ರ ಏನಂತ ಈಗ ತಿಳೀತ್ ನೋಡವಾ," ಎಂದು ಏದುಸಿರು ಬಿಟ್ಟ. "ಎಲ್ಲಿ ಇಳಸ್ಲಿ?"

"ಮ್ಯಾಲಿದ್ರ ಚಲೋ ಅಂದಾರ ಸಾಹೇಬ್ರು," ಎಂದಳು ಅತ್ತೆ. "ಹಂಗ ಕಡೀ ಸಾಲಿನ ತನಕಾ ನಡಿ."